ರಿಲೇಯಿಂದ ಕಂಪ್ಯೂಟರ್ ಪರದೆಯವರೆಗೆ: ನನ್ನ ಅನುಭವ

ವಿದ್ಯುತ್ ಉಪಕೇಂದ್ರದ ಪ್ರೊಟೆಕ್ಷನ್ ರಿಲೇಗಳನ್ನು (ದೋಷವನ್ನು ಗುರುತಿಸುವ ರಕ್ಷಣಾ ಸಾಧನಗಳನ್ನು) ಕಂಪ್ಯೂಟರಿಗೆ ಜೋಡಿಸುವಾಗ ನಾನು ಬಿಡದೆ ಪಾಲಿಸುವ ನಿಯಮ ಒಂದಿದೆ: ಫೀಡರನ್ನು, ಅಂದರೆ ಉಪಕೇಂದ್ರದಿಂದ ಹೊರಡುವ ಲೈನನ್ನು, ಕಾಯುವ ರಿಲೇಗೆ ಕಂಪ್ಯೂಟರಿನ ಹಂಗು ಇರಬಾರದು. ಸಂಪರ್ಕ ಪೂರ್ತಿ ಕಡಿದುಹೋದರೂ ಅದು ತನ್ನಷ್ಟಕ್ಕೆ ದೋಷವನ್ನು ಗುರುತಿಸಿ ಬ್ರೇಕರನ್ನು ಟ್ರಿಪ್ ಮಾಡಬೇಕು, ಅಂದರೆ ಲೈನನ್ನು ಕಡಿಯುವ ಆ ಸ್ವಿಚ್ಚನ್ನು ತೆರೆಯಬೇಕು.

ಹಳೆಯ ನ್ಯೂಮರಿಕಲ್ ರಿಲೇಗಳನ್ನು ನಾನು ಆರ್‌ಎಸ್-485 ಎಂಬ ತಂತಿ ಸಂಪರ್ಕದ ಮೂಲಕ, ಮೋಡ್‌ಬಸ್ ಎಂಬ ಸಂವಹನ ನಿಯಮಾವಳಿಯಲ್ಲಿ ಜೋಡಿಸಿದೆ. ಕೇಬಲನ್ನು ಕವಲು ಒಡೆಯಲು ಬಿಡದೆ ಒಂದು ರಿಲೇಯಿಂದ ಇನ್ನೊಂದಕ್ಕೆ ಸಾಲಾಗಿ ಎಳೆದು, ಸಾಲಿನ ಎರಡು ತುದಿಗಳಲ್ಲಿ ಮಾತ್ರ 120 ಓಮ್ ರೆಸಿಸ್ಟರ್ ಹಾಕಿದೆ. ಎ ಮತ್ತು ಬಿ ಟರ್ಮಿನಲ್‌ಗಳ ಗುರುತು ಎಲ್ಲ ತಯಾರಕರಲ್ಲಿಯೂ ಒಂದೇ ರೀತಿ ಇರುವುದಿಲ್ಲವಾದ್ದರಿಂದ, ಪ್ರತಿ ರಿಲೇಯ ಕೈಪಿಡಿಯನ್ನು ನೋಡಿಯೇ ತಂತಿ ಬಿಗಿದೆ.

ಪರದೆಯ ಮೇಲೆ ಅಂಕಿ ಮೂಡಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯುವುದು ಅಪಾಯಕರ. ಮೋಡ್‌ಬಸ್ ಬರಿಯ ಅಂಕಿಯನ್ನು ಸಾಗಿಸುತ್ತದೆ; ಅದು ಆಂಪಿಯರೋ, ಅದರ ನೂರನೆಯ ಒಂದು ಭಾಗವೋ ಎಂಬುದನ್ನು ಹೇಳುವುದಿಲ್ಲ. ಕೆಲವು ಕೈಪಿಡಿಗಳು ರಿಜಿಸ್ಟರ್‌ಗಳನ್ನು (ರಿಲೇ ಅಂಕಿಗಳನ್ನಿಡುವ 16 ಬಿಟ್‌ಗಳ ಗೂಡುಗಳನ್ನು) ಸೊನ್ನೆಯಿಂದ ಎಣಿಸಿದರೆ ಕೆಲವು ಒಂದರಿಂದ ಎಣಿಸುತ್ತವೆ, ಮತ್ತು 32 ಬಿಟ್‌ಗಳ ಮೌಲ್ಯವನ್ನು ಎರಡು ರಿಜಿಸ್ಟರ್‌ಗಳಲ್ಲಿ ಹಂಚಿಟ್ಟಾಗ ಯಾವ ಅರ್ಧ ಮೊದಲು ಬರುತ್ತದೆಂಬುದೂ ಒಂದೊಂದು ರಿಲೇಗೆ ಒಂದೊಂದು ಬಗೆ. ಆದ್ದರಿಂದ ಟೆಸ್ಟ್ ಕಿಟ್‌ನಿಂದ ಆರ್, ವೈ, ಬಿ ಫೇಸ್‌ಗಳಿಗೆ ಬೇರೆ ಬೇರೆ ಕರೆಂಟ್ ಕೊಟ್ಟು ನೋಡುತ್ತೇನೆ. ಸಿಟಿಯ (ಲೈನಿನ ಕರೆಂಟನ್ನು ರಿಲೇಗಾಗಿ ಇಳಿಸುವ ಕರೆಂಟ್ ಟ್ರಾನ್ಸ್‌ಫಾರ್ಮರಿನ) ಅನುಪಾತ 400/1 ಇರುವಲ್ಲಿ 1, 0.5 ಮತ್ತು 0.25 ಆಂಪಿಯರ್ ಹರಿಸಿದರೆ ಪರದೆಯಲ್ಲಿ ಕ್ರಮವಾಗಿ 400, 200 ಮತ್ತು 100 ಕಾಣಬೇಕು. ಮೂರೂ ಫೇಸ್‌ಗಳಿಗೆ ಸಮಾನ ಕರೆಂಟ್ ಕೊಟ್ಟರೆ ಅದಲುಬದಲಾದ ಫೇಸ್ ಕಣ್ತಪ್ಪಿಸಿಕೊಳ್ಳುತ್ತದೆ.

ಬ್ರೇಕರಿನ ಸ್ಥಿತಿಯನ್ನು ತಿಳಿಸಲು ಒಂದೇ ಕಾಂಟ್ಯಾಕ್ಟ್ (ಬ್ರೇಕರಿನ ಜೊತೆ ಚಲಿಸುವ ಸಣ್ಣ ಸ್ವಿಚ್ಚು) ಸಾಲದೆಂಬುದು ನನ್ನ ದೃಢ ಅಭಿಪ್ರಾಯ. ತೆರೆದಿರುವುದಕ್ಕೊಂದು, ಮುಚ್ಚಿರುವುದಕ್ಕೊಂದು ಕಾಂಟ್ಯಾಕ್ಟ್ ತಂದರೆ, ತಂತಿ ಕಡಿದಾಗ ಅಥವಾ ಬ್ರೇಕರ್ ನಡುವೆ ಸಿಕ್ಕಿಕೊಂಡಾಗ ಪರದೆ ಸುಳ್ಳು ಹೇಳದೆ ಅನಿಶ್ಚಿತ ಸ್ಥಿತಿಯನ್ನು ತೋರಿಸುತ್ತದೆ. ಘಟನೆಗಳ ಸಮಯವನ್ನೂ ಕಂಪ್ಯೂಟರ್ ಓದಿದ ಗಳಿಗೆಯಿಂದಲ್ಲ, ರಿಲೇಯೇ ಹಾಕಿದ ಮುದ್ರೆಯಿಂದ ತೆಗೆದುಕೊಳ್ಳಬೇಕು. ಅದಕ್ಕಾಗಿ ಎಲ್ಲ ರಿಲೇಗಳ ಗಡಿಯಾರವನ್ನೂ ಒಂದೇ ಜಿಪಿಎಸ್ ಮೂಲಕ್ಕೆ ಹೊಂದಿಸಿದೆ; ಇಲ್ಲವಾದರೆ ಯಾವ ರಿಲೇ ಮೊದಲು ಕೆಲಸ ಮಾಡಿತೆಂಬುದನ್ನು ದೋಷದ ನಂತರ ಬಿಡಿಸಲಾಗದು.

ಉಪಕೇಂದ್ರದ ಸಾಧನಗಳ ಸಂವಹನಕ್ಕಿರುವ ಐಇಸಿ 61850 ಮಾನದಂಡದ ಜಾಲದಲ್ಲಿ ಮೊದಲು ಹೇಳಿದ ನಿಯಮ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತದೆ, ಏಕೆಂದರೆ ಅಲ್ಲಿ ರಿಲೇಗಳು ಗೂಸ್ ಎಂಬ ಕ್ಷಿಪ್ರ ಸಂದೇಶಗಳ ಮೂಲಕ ಪರಸ್ಪರ ನೇರವಾಗಿ ಮಾತನಾಡುತ್ತವೆ. ಗೂಸ್‌ಗೆ ಸ್ವೀಕೃತಿ ಬರುವುದಿಲ್ಲ. ಸ್ಥಿತಿ ಬದಲಾದೊಡನೆ ರಿಲೇ ಸಂದೇಶವನ್ನು ಬೇಗ ಬೇಗ ಹಲವು ಸಲ ಕಳುಹಿಸಿ, ಬಳಿಕ ಅಂತರವನ್ನು ಹಿಗ್ಗಿಸಿ, ಬದಲಾವಣೆ ಇಲ್ಲದಾಗಲೂ ಕಳುಹಿಸುತ್ತಲೇ ಇರುತ್ತದೆ. ನಿಗದಿತ ಅವಧಿಯಲ್ಲಿ ಸಂದೇಶ ಬಾರದಿದ್ದರೆ ಪಡೆಯುವ ರಿಲೇ ಸಂಪರ್ಕ ತಪ್ಪಿದೆಯೆಂದು ಎಣಿಸುತ್ತದೆ. ದೋಷ ತನ್ನ ಫೀಡರಿನಲ್ಲಿದೆಯೆಂದು ಫೀಡರ್ ರಿಲೇ ತಡೆ ಸಂದೇಶ ಕಳುಹಿಸದಿದ್ದರೆ, ಇನ್‌ಕಮರ್ ರಿಲೇ (ಬಸ್‌ಬಾರಿಗೆ ವಿದ್ಯುತ್ ತರುವ ಲೈನಿನ ರಿಲೇ) ಅದನ್ನು ಬಸ್‌ಬಾರಿನ, ಅಂದರೆ ಎಲ್ಲ ಫೀಡರುಗಳಿಗೂ ವಿದ್ಯುತ್ ಹಂಚುವ ವಾಹಕದ, ದೋಷವೆಂದು ಎಣಿಸಿ ವೇಗವಾಗಿ ಟ್ರಿಪ್ ಮಾಡುವ ವ್ಯವಸ್ಥೆಯಲ್ಲಿ, ಸಂಪರ್ಕ ತಪ್ಪಿದಾಗ ಆ ವೇಗದ ಅಂಶವನ್ನು ತಡೆದು ಸಾಮಾನ್ಯ ವಿಳಂಬದ ಸೆಟ್ಟಿಂಗ್ ಮಾತ್ರ ಉಳಿಯುವಂತೆ ಲಾಜಿಕ್ ಬರೆದೆ. ಇದರಿಂದ ಬಸ್‌ಬಾರ್ ದೋಷ ತುಸು ತಡವಾಗಿ ತೆರವಾಗುತ್ತದೆ ನಿಜ. ಆದರೆ ಒಂದು ಫೀಡರಿನ ದೋಷಕ್ಕೆ ಇಡೀ ಬಸ್ ಕತ್ತಲಾಗುವುದಿಲ್ಲ. ಚಾಲನೆಗೆ ಒಪ್ಪಿಸುವ ಮುನ್ನ ನೆಟ್‌ವರ್ಕ್ ಸ್ವಿಚ್ಚಿನಿಂದ ಫೈಬರ್ ಕೇಬಲನ್ನು ಕಿತ್ತು, ಪರದೆಯಲ್ಲಿ ಎಚ್ಚರಿಕೆ ಬಂದುದನ್ನೂ, ಕಿತ್ತ ಸ್ಥಿತಿಯಲ್ಲಿಯೇ ಕರೆಂಟ್ ಹರಿಸಿ ಬ್ರೇಕರ್ ವಿಳಂಬದ ಸೆಟ್ಟಿಂಗ್‌ನಲ್ಲಿ ತೆರೆದುದನ್ನೂ ದಾಖಲಿಸಿದೆ.