ಸಂಧಿವಾತದ ಮಾತ್ರೆ ಮತ್ತು ನನ್ನ ಕಾಲಿನ ನೀಲಿ ಕಲೆ

ನನಗೆ ರುಮಟಾಯ್ಡ್ ಆರ್ಥ್ರೈಟಿಸ್ (ಒಂದು ಬಗೆಯ ಸಂಧಿವಾತ) ಇದೆ ಅಂತ ಗೊತ್ತಾಗಿದ್ದು 2018ರಲ್ಲಿ. ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ದಿನಾ ರಾತ್ರಿ ಹೈಡ್ರಾಕ್ಸಿಕ್ಲೋರೋಕ್ವಿನ್, ಮೊದಲ ಕೆಲವು ತಿಂಗಳು ಸ್ವಲ್ಪ ಸ್ಟೀರಾಯ್ಡ್. ನಾಲ್ಕೈದು ತಿಂಗಳಲ್ಲಿ ಮತ್ತೆ ಚಪಾತಿ ಹಿಟ್ಟು ನಾದುವಂತಾದೆ. ಗಂಟು ಸುಮ್ಮನಾಯಿತು, ಚರ್ಮ ರಗಳೆ ಶುರು ಮಾಡಿತು.

ಮೊದಲು ಬಂದಿದ್ದು ಬಾಯಿಹುಣ್ಣು. ಸಾರನ್ನ ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಅತ್ತೆ ‘ಉಷ್ಣ ಆಗಿದೆ’ ಅಂದರು. ಗುಲ್ಕನ್, ಮಜ್ಜಿಗೆ, ನೆನೆಸಿದ ಮೆಂತ್ಯ ಎಲ್ಲಾ ಆಯಿತು. ಎರಡು ವಾರ ಹೀಗೇ ಕಳೆದೆ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆಯೇ ‘ಫೋಲಿಕ್ ಆಸಿಡ್ ತಗೋತಿದ್ದೀರಾ?’ ಬರೀ ವಿಟಮಿನ್ ಅಲ್ವಾ ಅಂತ ನಾನು ಅದನ್ನು ಬಿಟ್ಟಿದ್ದೆ! ಮೆಥೊಟ್ರೆಕ್ಸೇಟ್ ಫೋಲೇಟ್‌ನ (ಫೋಲಿಕ್ ಆಸಿಡ್ ಅದರದೇ ಒಂದು ರೂಪ) ಕೆಲಸಕ್ಕೆ ಅಡ್ಡ ಬರುತ್ತದೆ, ಬೇಗ ಬೇಗ ಬೆಳೆಯುವ ಬಾಯಿಯ ಒಳಪದರಕ್ಕೆ ಅದರ ಏಟು ಜಾಸ್ತಿ. ರಕ್ತ ಪರೀಕ್ಷೆ ಮಾಡಿಸಿದರು, ಬಿಳಿ ರಕ್ತಕಣ ಸರಿ ಇತ್ತು. ಫೋಲಿಕ್ ಆಸಿಡ್ ಮತ್ತೆ ಶುರು ಮಾಡಿದ ಮೇಲೆ ಹುಣ್ಣು ವಾಸಿಯಾಯಿತು. ವಾರದ ಮಾತ್ರೆಯನ್ನು ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ, ಅಲ್ಲೂ ಬಾಯಿಹುಣ್ಣು ಮೊದಲ ಸುಳಿವಾಗಬಹುದು ಅಂತ ಅವತ್ತು ತಿಳಿಯಿತು. ಅಂದಿನಿಂದ ಕ್ಯಾಲೆಂಡರ್‌ನಲ್ಲಿ ಭಾನುವಾರಕ್ಕೆ ಕೆಂಪು ಸುತ್ತು ಹಾಕುತ್ತೇನೆ, ನುಂಗಿದ ಮೇಲೆ ಅದರ ಮೇಲೊಂದು ಗೀಟು.

ಸ್ಟೀರಾಯ್ಡ್ ಇದ್ದಾಗ ಬಳೆ ತಗುಲಿದರೂ ಮುಂಗೈಯಲ್ಲಿ ನೇರಳೆ ಗುರುತು ಏಳುತ್ತಿತ್ತು. ಗಾಜಿನ ಬಳೆ ತೆಗೆದಿಟ್ಟೆ, ಅಷ್ಟೇ.

ಮೂರನೇ ವರ್ಷ ಮೊಣಕಾಲ ಕೆಳಗೆ ಮುಂಭಾಗದಲ್ಲಿ ನೀಲಿ-ಬೂದು ಕಲೆಗಳು ಕಂಡವು. ಮಂಚಕ್ಕೆ ತಾಗಿರಬೇಕು ಅಂದುಕೊಂಡೆ. ಅವು ಹೋಗಲೇ ಇಲ್ಲ. ಇದು ಹೈಡ್ರಾಕ್ಸಿಕ್ಲೋರೋಕ್ವಿನ್ ತರುವ ಬಣ್ಣ. 2020ರಲ್ಲಿ ಕೋವಿಡ್‌ಗೆ ಅಂತ ಜನ ಮುಗಿಬಿದ್ದರಲ್ಲ, ಅದೇ ಮಾತ್ರೆ. ಆಗ ನಾವು ಅಂಗಡಿ ಅಂಗಡಿ ಅಲೆದಿದ್ದೆವು. ಅಷ್ಟು ಕಷ್ಟಪಟ್ಟು ತಂದದ್ದನ್ನು ಒಂದು ಕಲೆಗೆ ಹೆದರಿ ನಾನಾಗಿಯೇ ನಿಲ್ಲಿಸುವುದೇ? ಡಾಕ್ಟರ್ ತೂಕ ನೋಡಿ ಡೋಸ್ ಇಳಿಸಿದರು, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ ಅಂದರು. ಈ ಮಾತ್ರೆ ಕಣ್ಣಿನ ಹಿಂಭಾಗದ ಪದರವಾದ ರೆಟಿನಾಗೂ ತೊಂದರೆ ಕೊಡಬಹುದು.

ಬಿಸಿಲು ನನ್ನ ದೊಡ್ಡ ತಲೆನೋವು. ಬಸ್ಸಿನ ಕಿಟಕಿ ಗಾಜು ಮುಚ್ಚಿದ್ದರೂ ಬಿಸಿಲಿನಲ್ಲಿರುವ ಯುವಿಎ ಎಂಬ ನೇರಳಾತೀತ ಕಿರಣ ಒಳಗೆ ಬರುತ್ತದೆ. ಆ ಕಡೆಯ ಕೆನ್ನೆ ಕಪ್ಪಾದ ಮೇಲೆ ಕಿಟಕಿ ಸೀಟು ಬಿಟ್ಟೆ. ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ತಂದೆ. ಬೆಳಿಗ್ಗೆ ಬೆರಳು ಸೆಟೆದಿರುವಾಗ ಆ ಟ್ಯೂಬಿನ ಮುಚ್ಚಳ ತಿರುಗಿಸುವುದೇ ಒಂದು ವ್ಯಾಯಾಮ! ಪಂಪ್ ಇರುವ ಬಾಟಲಿ ಹುಡುಕಿಕೊಂಡೆ, ಅಂಗೈಯಿಂದ ಒತ್ತಿದರೆ ಸಾಕು. ತುರಿಕೆಗೆ ಸ್ನಾನದ ನೀರಿನ ಬಿಸಿ ಕಡಿಮೆ ಮಾಡಿದೆ, ಮೈ ಇನ್ನೂ ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ. ಪಕ್ಕದ ಮನೆಯವರು ಕಲೆಗೆ ಬಿಳಿ ಮಾಡುವ ಕ್ರೀಮ್ ತಂದುಕೊಟ್ಟರು. ಟ್ಯೂಬಿನ ಮೇಲೆ ಓದಿದರೆ ಬೀಟಾಮೆಥಸೋನ್, ಅದೂ ಸ್ಟೀರಾಯ್ಡೇ. ನಯವಾಗಿ ವಾಪಸ್ ಕೊಟ್ಟೆ.

ಜ್ವರದ ಜೊತೆ ಮೈ ತುಂಬ ದದ್ದು, ಚರ್ಮ ಸುಲಿಯುವುದು, ಬೊಬ್ಬೆ, ಕಣ್ಣು ಕೆಂಪಾಗುವುದು, ತುಟಿ ಊದುವುದು: ಇವು ಕಂಡರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ಬನ್ನಿ ಅಂತ ಡಾಕ್ಟರ್ ಚೀಟಿಯಲ್ಲಿ ಬರೆದುಕೊಟ್ಟಿದ್ದಾರೆ. ಆ ಚೀಟಿ ಫ್ರಿಜ್ ಮೇಲಿದೆ. ಬಲಗಾಲಿನ ಕಲೆ ಈಗ ತಿಳಿಯಾಗಿದೆ. ಎಡಗಾಲಿನದು ಹಾಗೇ ಇದೆ, ‘ಎಲ್ಲಿ ಬಿದ್ರಿ?’ ಅಂತ ಜನ ಇನ್ನೂ ಕೇಳುತ್ತಾರೆ.