ರಾಮನವಮಿಯ ಕೋಸಂಬರಿ ನೀರು ಬಿಡದಿರಲು

ಹೆಸರುಬೇಳೆ ಕೋಸಂಬರಿಗೆ ಉಪ್ಪು ಮತ್ತು ನಿಂಬೆರಸವನ್ನು ಪೂಜೆಗೆ ಮೊದಲೇ ಬೆರೆಸಿಡಬೇಡಿ. ಮಂಗಳಾರತಿ ಮುಗಿದು ದೊನ್ನೆಗಳನ್ನು ಸಾಲಾಗಿ ಜೋಡಿಸಿದ ಮೇಲೆ ಬೆರೆಸಿ. ಉಪ್ಪು ಸೌತೆಕಾಯಿಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಪಾತ್ರೆಯ ತಳದಲ್ಲಿ ನೀರು ನಿಂತು, ಬೇಳೆ ಮೆತ್ತಗಾಗಿ, ಕೊಡುವ ದೊನ್ನೆಯೂ ಸೋರತೊಡಗುತ್ತದೆ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ ತಿರುಳು, ಬೀಜ ತೆಗೆದು ಹೆಚ್ಚಿದರೆ ಅರ್ಧ ತಲೆನೋವು ಅಲ್ಲೇ ಕಳೆಯಿತು. ಬೇಳೆ ಒಂದು ಗಂಟೆ ನೆನೆದರೆ ಸಾಕು. ಬಸಿದು, ತೆಳುಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿ. ಉಗುರಿನಿಂದ ಒತ್ತಿದಾಗ ಪಟ್ಟನೆ ಎರಡಾಗಬೇಕು, ನುಣ್ಣಗೆ ಹಿಸುಕಿಹೋಗಬಾರದು. ಸಾಸಿವೆ, ಇಂಗು, ಹಸಿಮೆಣಸಿನಕಾಯಿಯ ಒಗ್ಗರಣೆಯನ್ನು ಆರಿಸಿ ಮೊದಲೇ ಕಲಸಿಟ್ಟರೆ ಅಡ್ಡಿಯಿಲ್ಲ, ತೆಂಗಿನತುರಿ ಮಾತ್ರ ಕೊನೆಗೇ ಇರಲಿ. ದೇವಸ್ಥಾನದಲ್ಲೋ ಕಚೇರಿಯಲ್ಲೋ ಮೂರು ನಾಲ್ಕು ಗಂಟೆ ಹಂಚುವುದಿದ್ದರೆ ಈ ಉಪಾಯ ನಡೆಯುವುದಿಲ್ಲ: ಏಪ್ರಿಲ್ ಬಿಸಿಲಿಗೆ ನೆನೆದ ಬೇಳೆ, ಹಸಿ ತೆಂಗಿನಕಾಯಿ ಎರಡೂ ಹಳಸುತ್ತವೆ. ಆಗ ಎಲ್ಲವನ್ನೂ ಬೇರೆಬೇರೆ ತಣ್ಣಗಿಟ್ಟು, ಸ್ವಲ್ಪ ಸ್ವಲ್ಪವೇ ಕಲಸಿಕೊಳ್ಳಿ. ಸೌತೆಕಾಯಿಯ ಬದಲು ಕ್ಯಾರೆಟ್ ತುರಿ, ಮಾವಿನಕಾಯಿ ತುರಿ ಹಾಕಿದರೆ ನೀರಿನ ಕಾಟವೂ ಕಡಿಮೆ (ನನಗಂತೂ ಮಾವಿನಕಾಯಿಯದೇ ಹೆಚ್ಚು ರುಚಿ, ನಿಂಬೆಯೂ ಬೇಕಾಗುವುದಿಲ್ಲ). ಮರೆತು ಉಪ್ಪು ಹಾಕಿಬಿಟ್ಟಿದ್ದರೆ ತಳದ ನೀರನ್ನು ಚೆಲ್ಲಬೇಡಿ. ಪಕ್ಕದಲ್ಲೇ ಇರುವ ನೀರುಮಜ್ಜಿಗೆಗೆ ಬಸಿಯಿರಿ, ಅದಕ್ಕೆ ಉಪ್ಪು ಸ್ವಲ್ಪ ಕಡಿಮೆ ಹಾಕಿದರಾಯಿತು.