ಕಾಲು ಸೋಲುವುದಕ್ಕೆ ಸೊಂಟವೇ ಕಾರಣವಲ್ಲದಿದ್ದಾಗ: ಬೆನ್ನುಹುರಿಯ ರಕ್ತನಾಳ ದೋಷವನ್ನು ಪತ್ತೆಹಚ್ಚುವ ಕ್ರಮ

ಐವತ್ತು ದಾಟಿದ ಗಂಡಸೊಬ್ಬರು, ಕಳೆದ ಮಳೆಗಾಲದವರೆಗೂ ಅಡಿಕೆ ತೋಟ ಹತ್ತಿಳಿಯುತ್ತಿದ್ದವರು, ಈಗ ಅಂಗಳದಿಂದ ರಸ್ತೆಗೆ ಹೋಗುವಷ್ಟರಲ್ಲಿ ಕಾಲು ಭಾರವಾಗಿ ನಿಲ್ಲುತ್ತಾರೆ. ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಮತ್ತೆ ನಡೆಯಬಲ್ಲರು. ಪಾದ ಜೋಮು ಹಿಡಿದಿದೆ, ಚಪ್ಪಲಿ ಜಾರಿದ್ದು ಗೊತ್ತಾಗುವುದಿಲ್ಲ. ಕೆಲವು ತಿಂಗಳಲ್ಲಿ ಮೂತ್ರ ಹೊರಡುವುದೂ ತಡವಾಗುತ್ತದೆ. ನಮ್ಮ ಉಡುಪಿ, ಮಂಗಳೂರು ಕಡೆ ಇಂಥವರು ಮೊದಲು ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಬಳಿಕ ಡಿಸ್ಕ್ ಎಂದು ಮೂಳೆ ವೈದ್ಯರಲ್ಲಿಗೂ, ಜೋಮಿಗೆ ಸಕ್ಕರೆ ಕಾಯಿಲೆಯ ವೈದ್ಯರಲ್ಲಿಗೂ, ಮೂತ್ರಕ್ಕೆ ಪ್ರಾಸ್ಟೇಟ್ ನೋಡುವವರಲ್ಲಿಗೂ ಹೋಗುತ್ತಾರೆ. ಮೂರು ತೊಂದರೆಯನ್ನು ಮೂವರ ಮುಂದೆ ಬೇರೆ ಬೇರೆಯಾಗಿ ಹೇಳಿದರೆ ಬೆನ್ನುಹುರಿಯ ನೆನಪು ಯಾರಿಗೂ ಬರುವುದಿಲ್ಲ. ಆದ್ದರಿಂದ ಮೊದಲ ಕೆಲಸವೆಂದರೆ, ಯಾವ ತಿಂಗಳಲ್ಲಿ ಏನು ಶುರುವಾಯಿತು, ಎಷ್ಟು ದೂರ ನಡೆದರೆ ಹೆಚ್ಚುತ್ತದೆ ಎಂಬುದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಒಬ್ಬರೇ ವೈದ್ಯರ ಮುಂದೆ ಇಡುವುದು.

ಇಂಥ ಕಥೆಯ ಹಿಂದೆ ಇರಬಹುದಾದ ವಿರಳ ಕಾರಣವೇ ಬೆನ್ನುಹುರಿಯ ಡ್ಯೂರಲ್ ಫಿಸ್ಟುಲಾ. ಬೆನ್ನುಹುರಿಯ ರಕ್ತನಾಳ ದೋಷಗಳಲ್ಲಿ ಸುಮಾರು ಶೇಕಡಾ 70 ಇದೇ. ಹೆಂಗಸರಿಗಿಂತ ಗಂಡಸರಲ್ಲಿ ಐದು ಪಟ್ಟು ಹೆಚ್ಚು. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ 5ರಿಂದ 10 ಮಂದಿಗೆ ಎಂಬ ಅಂದಾಜು ಇಲ್ಲಿಗೂ ಹೊಂದುವುದಾದರೆ, 2011ರ ಜನಗಣತಿಯಂತೆ 32 ಲಕ್ಷಕ್ಕೂ ಮಿಕ್ಕಿದ ನಮ್ಮ ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ವರ್ಷಕ್ಕೆ ಹದಿನೈದರಿಂದ ಮೂವತ್ತು ಮಂದಿ ಇರಬೇಕು. ಬೆನ್ನುಹುರಿಯನ್ನು ಸುತ್ತಿದ ಡ್ಯೂರಾ ಪೊರೆಯಲ್ಲಿ, ನರದ ಬೇರಿನ ಬಳಿ, ಸಣ್ಣ ಅಪಧಮನಿಯೊಂದು ನೇರವಾಗಿ ಅಭಿಧಮನಿಗೆ ಕೂಡಿಕೊಂಡಿರುತ್ತದೆ. ಕಡಲು ಉಬ್ಬರದಲ್ಲಿರುವಾಗ ತೋಡಿನ ನೀರು ಇಳಿಯಲಾರದೆ ಗದ್ದೆಯಲ್ಲೇ ನಿಂತು ಪೈರಿನ ಬುಡ ಕೊಳೆಯುತ್ತದಲ್ಲ, ಇಲ್ಲಿಯೂ ಹಾಗೆಯೇ: ಅಪಧಮನಿಯ ಒತ್ತಡ ಅಭಿಧಮನಿಗೆ ನುಗ್ಗುವುದರಿಂದ ಬೆನ್ನುಹುರಿಯ ರಕ್ತ ಹೊರಹೋಗಲಾರದೆ ಹುರಿಯು ಬಾತುಕೊಳ್ಳುತ್ತದೆ. ಹುರಿಯ ಕೆಳತುದಿಯೇ ಹೆಚ್ಚಾಗಿ ಬಾಧೆಗೆ ಒಳಗಾಗುವುದರಿಂದ, ಫಿಸ್ಟುಲಾ ಎಲ್ಲಿದ್ದರೂ ಸಾಮಾನ್ಯವಾಗಿ ಸೋಲುವುದು ಕಾಲು ಮತ್ತು ಮೂತ್ರಕೋಶಗಳೇ. ರೋಗಲಕ್ಷಣ ತೋರಿದ ಜಾಗವನ್ನೇ ನಂಬಿ ಸೊಂಟವನ್ನಷ್ಟೇ ಹುಡುಕುವ ತಪ್ಪು ಆಗುವುದು ಇದರಿಂದಲೇ.

ಉಳಿದ ಬಗೆಗಳ ನಡವಳಿಕೆ ಬೇರೆ. ಹುರಿಯ ಒಳಗೇ ಇರುವ ಎವಿಎಂ ಎಂಬ ನಾಳಗಳ ಗೋಜಲು ಹೆಚ್ಚಾಗಿ ಎಳೆಯ ವಯಸ್ಸಿನಲ್ಲಿ, ಕೆಲವೊಮ್ಮೆ ಬೆನ್ನಿಗೆ ಚೂರಿ ಹಾಕಿದಂತಹ ಹಠಾತ್ ನೋವಿನೊಂದಿಗೆ ರಕ್ತಸ್ರಾವವಾಗಿ ಹೊರಬೀಳುತ್ತದೆ. ಕ್ಯಾವರ್ನೋಮಾ ಎಂಬ ಸಣ್ಣ ರಕ್ತನಾಳಗಳ ಗೊಂಚಲು ಎಮ್‌ಆರ್‌ಐಯಲ್ಲಿ ಕಾಣುತ್ತದೆ, ಆಂಜಿಯೋಗ್ರಾಂನಲ್ಲಿ ಕಾಣುವುದಿಲ್ಲ. ಕಾಲು ಒಮ್ಮೆಲೇ ಬಿದ್ದರೆ, ಮೂತ್ರ ಪೂರ್ತಿ ಕಟ್ಟಿಕೊಂಡರೆ ಅಂದೇ ತುರ್ತು ವಿಭಾಗಕ್ಕೆ ಹೋಗಬೇಕು.

ನಿಧಾನವಾಗಿ ಕೆಡುತ್ತಿರುವವರ ಪರೀಕ್ಷೆ ದುಬಾರಿ ಯಂತ್ರದಿಂದ ಆರಂಭವಾಗಬೇಕಿಲ್ಲ. ಮಂಡಿ, ಹಿಮ್ಮಡಿಗಳ ಪ್ರತಿವರ್ತನ, ಪಾದ ಗೀರಿದಾಗ ಹೆಬ್ಬೆರಳು ಮೇಲೇಳುತ್ತದೆಯೇ ಎಂಬುದು, ಎದೆ ಅಥವಾ ಹೊಟ್ಟೆಯ ಯಾವ ಮಟ್ಟದಿಂದ ಕೆಳಗೆ ಸ್ಪರ್ಶ ಮಂದವಾಗಿದೆ, ಮೂತ್ರ ಮಾಡಿದ ಮೇಲೂ ಎಷ್ಟು ಉಳಿಯುತ್ತದೆ ಎಂದು ತೋರಿಸುವ ಸ್ಕ್ಯಾನಿಂಗ್, ಇಷ್ಟು ಸಾಕು ಬೆನ್ನುಹುರಿಯತ್ತ ಕಣ್ಣು ಹೊರಳಿಸಲು. ಅನಂತರದ ಎಮ್‌ಆರ್‌ಐ ಸೊಂಟದ್ದಷ್ಟೇ ಆಗಿರಬಾರದು. ಎದೆಭಾಗದ ಬೆನ್ನೂ ಸೇರಿದಂತೆ ಇಡೀ ಬೆನ್ನಿನದಾಗಬೇಕು, ಸಾಧ್ಯವಾದರೆ ನಾಳಗಳನ್ನು ಎದ್ದು ತೋರಿಸುವ ಔಷಧಿ ಚುಚ್ಚಿ ತೆಗೆಯಬೇಕು. ನೀರಿನಂಶ ಬೆಳ್ಳಗೆ ಕಾಣುವ ಟಿ2 ಎಂಬ ಬಗೆಯ ಎಮ್‌ಆರ್‌ಐ ಚಿತ್ರದಲ್ಲಿ ಹಲವು ಕಶೇರುಗಳ ಉದ್ದಕ್ಕೆ ಹುರಿ ಬೆಳ್ಳಗೆ ಬಾತಿರುವುದು, ಅದರ ಹಿಂಬದಿಯಲ್ಲಿ ಉಬ್ಬಿದ ರಕ್ತನಾಳಗಳು ಹುಳುಗಳಂತೆ ಕಪ್ಪು ಚುಕ್ಕೆ ಗೆರೆಗಳಾಗಿ ಹರಿದಿರುವುದು, ಈ ಎರಡೂ ಸೇರಿದರೆ ಫಿಸ್ಟುಲಾದ ಅನುಮಾನ ಬಲವಾಗುತ್ತದೆ. ವಯಸ್ಸಾದವರ ಸೊಂಟದ ಚಿತ್ರದಲ್ಲಿ ಡಿಸ್ಕ್ ಉಬ್ಬು ಹೇಗೂ ಸಿಗುತ್ತದೆ. ಅದು ಸಿಕ್ಕಿತೆಂದು ಹುಡುಕಾಟ ನಿಲ್ಲಿಸುವುದೇ ಇಲ್ಲಿನ ದೊಡ್ಡ ಅಪಾಯ ಎಂದು ನನ್ನ ಅಭಿಪ್ರಾಯ.

ಹುರಿ ಬೆಳ್ಳಗಾಗಿರುವುದನ್ನು ಉರಿಯೂತವೆಂದು ತಿಳಿದು ಸ್ಟಿರಾಯ್ಡ್ ಡ್ರಿಪ್ ಹಾಕುವುದುಂಟು. ಫಿಸ್ಟುಲಾ ಇರುವವರಲ್ಲಿ ಇದರ ಬಳಿಕ ಗಂಟೆಗಳಲ್ಲಿ, ದಿನಗಳಲ್ಲಿ ಕಾಲಿನ ಶಕ್ತಿ ಕುಸಿಯಬಹುದು. ಆದ್ದರಿಂದ ಸ್ಟಿರಾಯ್ಡ್‌ಗೆ ಮೊದಲು, "ಹುರಿಯ ಹಿಂದೆ ರಕ್ತನಾಳಗಳು ಉಬ್ಬಿವೆಯೇ, ಸರ್?" ಎಂದು ಮನೆಯವರು ಕೇಳುವುದರಲ್ಲಿ ಸಂಕೋಚ ಬೇಡ, ಕೊಟ್ಟ ಮೇಲೆ ಕೆಟ್ಟಿತೆಂದಾದರೆ ಅದೂ ಒಂದು ಸುಳಿವೇ.

ದೋಷದ ಖಚಿತ ಜಾಗ ತಿಳಿಯಲು ಬೆನ್ನುಹುರಿಯ ಡಿಎಸ್‌ಎ ಆಂಜಿಯೋಗ್ರಾಂ (ಬಣ್ಣದ ಔಷಧಿ ಹಾಕಿ ರಕ್ತನಾಳಗಳನ್ನಷ್ಟೇ ತೋರಿಸುವ ಎಕ್ಸ್‌ರೇ) ಬೇಕೇ ಬೇಕು. ಸಾಮಾನ್ಯವಾಗಿ ತೊಡೆಸಂದಿನ ಅಪಧಮನಿಯಿಂದ ಸಣ್ಣ ಕೊಳವೆ ಕಳುಹಿಸಿ, ಪಕ್ಕೆಲುಬು ಮತ್ತು ಸೊಂಟದ ಅಪಧಮನಿಗಳನ್ನು ಎರಡೂ ಬದಿಯಲ್ಲಿ ಒಂದೊಂದಾಗಿ ಪರೀಕ್ಷಿಸುತ್ತಾರೆ. ಹೀಗಾಗಿ ಹೃದಯದ ಆಂಜಿಯೋಗ್ರಾಂಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಬಣ್ಣದ ಔಷಧಿಯೂ ಹೆಚ್ಚು ಬೇಕಾಗುತ್ತದೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿಯನ್ನೂ ಸಕ್ಕರೆ ಕಾಯಿಲೆಯ ಮಾತ್ರೆಗಳ ಪಟ್ಟಿಯನ್ನೂ ಮೊದಲೇ ತೋರಿಸಬೇಕು. ಮೊದಲ ಸಲ ಫಿಸ್ಟುಲಾ ಸಿಗದಿದ್ದರೂ ಎಮ್‌ಆರ್‌ಐಯ ಅನುಮಾನ ಬಲವಾಗಿದ್ದರೆ, ಯಾವ ನಾಳಗಳನ್ನು ನೋಡಲಾಗಲಿಲ್ಲ ಎಂದು ಕೇಳಿ ಮತ್ತೊಮ್ಮೆ ಮಾಡಿಸುವುದು ಸರಿ.

ಚಿಕಿತ್ಸೆಗೆ ಎರಡು ದಾರಿ. ಶಸ್ತ್ರಚಿಕಿತ್ಸೆಯಲ್ಲಿ ಬೆನ್ನೆಲುಬಿನ ಹಿಂಭಾಗವನ್ನು ಸ್ವಲ್ಪ ತೆರೆದು, ಡ್ಯೂರಾದ ಒಳಗೆ ಬರುವ ಆ ಒಂದು ಅಭಿಧಮನಿಯನ್ನು ಸುಟ್ಟು ಕತ್ತರಿಸುತ್ತಾರೆ. ನೂರಕ್ಕೆ ತೊಂಬತ್ತೈದಕ್ಕೂ ಮಿಕ್ಕಿ ಮಂದಿಯಲ್ಲಿ ಫಿಸ್ಟುಲಾ ಮುಚ್ಚುತ್ತದೆ. ಎಂಬೊಲೈಸೇಷನ್‌ನಲ್ಲಿ ಕೊಳವೆಯ ಮೂಲಕ ಅಂಟು ದ್ರವ ತುಂಬುತ್ತಾರೆ. ದೊಡ್ಡ ಗಾಯವಿಲ್ಲ, ಆದರೆ ದ್ರವವು ಅಭಿಧಮನಿಯ ಬುಡದವರೆಗೆ ತಲುಪದಿದ್ದರೆ ಫಿಸ್ಟುಲಾ ಮತ್ತೆ ತೆರೆದುಕೊಳ್ಳುತ್ತದೆ. ಅದೇ ಅಪಧಮನಿಯಿಂದ ಬೆನ್ನುಹುರಿಗೂ ರಕ್ತ ಹೋಗುತ್ತಿದ್ದರೆ ಅಂಟು ಹಾಕುವಂತಿಲ್ಲ. ಎರಡೂ ಬಲ್ಲ ತಂಡ ಒಟ್ಟಿಗೆ ಕುಳಿತು ತೀರ್ಮಾನಿಸುವ ಕಡೆ ಹೋಗುವುದು ಲೇಸು. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮೊದಲು ವಿಚಾರಿಸಿ, ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ಗೋ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಗೋ ಹೋಗಬಹುದು. ತಿರುವನಂತಪುರಕ್ಕೆ ಮಂಗಳೂರಿನಿಂದ ರಾತ್ರಿ ರೈಲುಗಳಿವೆ. ವರದಿಯ ಹಾಳೆ ಮಾತ್ರ ಸಾಲದು, ಎಮ್‌ಆರ್‌ಐಯ ಸಿಡಿಯೂ ಜೊತೆಗಿರಲಿ. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ, ಮಂಗಳೂರಿನ ವೆನ್ಲಾಕ್ ಅಥವಾ ಉಡುಪಿಯ ಅಜ್ಜರಕಾಡು ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂಬುದರ ಬಗ್ಗೆ, ದಾಖಲಾಗುವ ಮೊದಲೇ, ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರನ್ನು ಕೇಳಬೇಕು.

ಚಿಕಿತ್ಸೆಯ ಬಳಿಕ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಯ ನಡಿಗೆ ಸುಧಾರಿಸುತ್ತದೆ. ಮೂತ್ರದ ಹಿಡಿತ ಅಷ್ಟಾಗಿ ಮರಳುವುದಿಲ್ಲ. ಊರುಗೋಲಿನಲ್ಲಿ ನಡೆಯುತ್ತ ಬಂದವರಿಗೂ ಗಾಲಿಕುರ್ಚಿಯಲ್ಲಿ ಬಂದವರಿಗೂ ಸಿಗುವ ಫಲ ಒಂದೇ ಅಲ್ಲ. ಫಿಸಿಯೋಥೆರಪಿ ತಿಂಗಳುಗಟ್ಟಲೆ ನಡೆಯಬೇಕು, ಮೂತ್ರ ಉಳಿಯುವವರು ದಿನಕ್ಕೆ ಹಲವು ಸಲ ಶುದ್ಧ ಕೊಳವೆ ಹಾಕಿ ಖಾಲಿ ಮಾಡುವುದನ್ನು ಕಲಿಯಬೇಕು. ಕೆಲವು ತಿಂಗಳ ಬಳಿಕ ಎಮ್‌ಆರ್‌ಐ ಮಾಡಿಸಿ ಊತ ಇಳಿದಿದೆಯೇ ಎಂದು ನೋಡಬೇಕು. ಸುಧಾರಿಸಿದ್ದ ಕಾಲು ಮತ್ತೆ ಸೋಲತೊಡಗಿದರೆ ಅದನ್ನು ವಯಸ್ಸಿನ ಮೇಲೆ ಹಾಕದೆ, ಫಿಸ್ಟುಲಾ ಮತ್ತೆ ತೆರೆದಿದೆಯೇ ಎಂದು ತಿಳಿಯಲು ಆಂಜಿಯೋಗ್ರಾಂ ಮಾಡಿದ ವೈದ್ಯರನ್ನೇ ಆ ವಾರದಲ್ಲೇ ಕಾಣಬೇಕು.